ವಾರಕ್ಕೆ ಇಪ್ಪತ್ತು ಗಂಟೆ: ಜರ್ಮನಿಯಲ್ಲಿ ಕೆಲಸ ಹುಡುಕುವವರ ಪಾರ್ಟ್‌ಟೈಮ್ ಲೆಕ್ಕ

ಎಲ್ಲರಿಗೂ ನಮಸ್ಕಾರ.

ಕೆಲಸ ಹುಡುಕುವ ವೀಸಾದ ಮೇಲೆ ಜರ್ಮನಿಗೆ ಹೊರಟವರ ಬಾಯಲ್ಲಿ ಒಂದು ಮಾತು ಸದಾ ಇರುತ್ತದೆ: "ವಾರಕ್ಕೆ ಇಪ್ಪತ್ತು ಗಂಟೆ ಪಾರ್ಟ್‌ಟೈಮ್ ಮಾಡಬಹುದಂತೆ." ಮಾತೇನೋ ಸರಿ. ಆದರೆ ಆ 'ಅಂತೆ'ಯನ್ನು ನಂಬಿಕೊಂಡು ಪರದೇಶದಲ್ಲಿ ಒಂದು ವರ್ಷ ಕಳೆಯಲಾಗದು. ಇಪ್ಪತ್ತು ಗಂಟೆಯನ್ನು ಹೇಗೆ ಎಣಿಸುತ್ತಾರೆ, ಯಾವ ಕೆಲಸ ಅದರೊಳಗೆ ಬರುತ್ತದೆ, ಯಾವುದು ಬರುವುದೇ ಇಲ್ಲ, ಕರಾರು ಪತ್ರದಲ್ಲಿ ಯಾವ ಸಾಲು ಇಲ್ಲದಿದ್ದರೆ ಕುತ್ತಿಗೆಗೆ ಬರುತ್ತದೆ ಎನ್ನುವುದನ್ನೆಲ್ಲ ಇವತ್ತು ಬಿಡಿಸಿ ನೋಡೋಣ.

ಮೊದಲು ನಿಮ್ಮ ಕೈಯಲ್ಲಿರುವುದು ಯಾವ ಕಾಗದ ಎಂದು ತಿಳಿದಿರಬೇಕು. ಇಲ್ಲಿಯೇ ಗೊಂದಲ ಜಾಸ್ತಿ. 'ಜಾಬ್ ಸೀಕರ್ ವೀಸಾ' ಎಂದು ಎಲ್ಲರೂ ಒಂದೇ ಹೆಸರಿನಲ್ಲಿ ಕರೆಯುತ್ತಾರೆ. ಆದರೆ ಜರ್ಮನಿಯ ವಾಸ್ತವ್ಯ ಕಾನೂನಿನಲ್ಲಿ ಎರಡು ಬೇರೆ ಬೇರೆ ಕಲಮುಗಳಿವೆ, ಎರಡರ ನಿಯಮವೂ ಬೇರೆ.

ಹೊರದೇಶದಲ್ಲಿ ಓದಿ, ಕೆಲಸ ಹುಡುಕಲೆಂದೇ ಜರ್ಮನಿಗೆ ಹೋಗುವವರಿಗೆ ಸಿಗುವುದು ಆಪರ್ಚುನಿಟಿ ಕಾರ್ಡ್. ಜರ್ಮನ್ನರು ಅದನ್ನು ಶಾನ್ಸೆನ್‌ಕಾರ್ಟೆ ಎನ್ನುತ್ತಾರೆ. ಇದು 2024ರ ಜೂನ್ 1ರಿಂದ ಜಾರಿಯಲ್ಲಿದೆ, ಕಾನೂನಿನ ಕಲಂ 20ಎ. ಒಂದೋ ನಿಮ್ಮ ಓದಿಗೆ ಅಲ್ಲಿ ಪೂರ್ಣ ಮಾನ್ಯತೆ ಇರಬೇಕು, ಇಲ್ಲವೇ ಭಾಷೆ, ವಯಸ್ಸು, ಅನುಭವ ಇವುಗಳ ಮೇಲೆ ಕನಿಷ್ಠ 6 ಅಂಕ ಕೂಡಿಸಬೇಕು. ಅವಧಿ ಹೆಚ್ಚೆಂದರೆ ಒಂದು ವರ್ಷ. ವಾರಕ್ಕೆ ಇಪ್ಪತ್ತು ಗಂಟೆಯ ಮಿತಿ ಇರುವುದು ಈ ಕಾರ್ಡಿಗೆ.

ಜರ್ಮನಿಯಲ್ಲೇ ಪದವಿ ಮುಗಿಸಿದವರಿಗೆ ಅನ್ವಯಿಸುವುದು ಕಲಂ 20. ಅವರಿಗೆ ಕೆಲಸ ಹುಡುಕಲು 18 ತಿಂಗಳು ಸಿಗುತ್ತದೆ, ಆ ಅವಧಿಯಲ್ಲಿ ಗಂಟೆಯ ಮಿತಿಯೇ ಇಲ್ಲ. ಹೋಟೆಲ್ ಕೆಲಸವಾಗಲಿ, ಗೋದಾಮಿನ ಕೆಲಸವಾಗಲಿ, ಪೂರ್ಣಾವಧಿ ಮಾಡಬಹುದು. ಸ್ವಂತ ಉದ್ಯೋಗಕ್ಕೂ ಅಡ್ಡಿಯಿಲ್ಲ. ಹೀಗಿದ್ದರೂ ಮಾಸ್ಟರ್ಸ್ ಮುಗಿಸಿದ ಎಷ್ಟೋ ಹುಡುಗ ಹುಡುಗಿಯರು 'ನಮಗೂ ಇಪ್ಪತ್ತೇ ಗಂಟೆ' ಎಂದುಕೊಂಡು ಬರುವ ಕೆಲಸವನ್ನು ಬಿಡುತ್ತಾರೆ. ಅದು ನೋಡಿದರೆ ಹೊಟ್ಟೆ ಉರಿಯುವ ನಷ್ಟ.

ಓದುತ್ತಿರುವಾಗಿನ ಲೆಕ್ಕ ಮತ್ತೊಂದು. ವಿದ್ಯಾರ್ಥಿ ಪರವಾನಗಿಯಲ್ಲಿ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಬಹುದು. 2024ರ ಮಾರ್ಚ್‌ಗೆ ಮುಂಚೆ ಅದು 120 ಮತ್ತು 240 ಇತ್ತು. ಕಂಪನಿಗಳು 'ವೆರ್ಕ್‌ಸ್ಟುಡೆಂಟ್', ಅಂದರೆ ಓದುತ್ತಲೇ ದುಡಿಯುವ ವಿದ್ಯಾರ್ಥಿ, ಎಂದು ಸೇರಿಸಿಕೊಳ್ಳುವಾಗ ಹೇಳುವ ಇಪ್ಪತ್ತು ಗಂಟೆ ವೀಸಾದ ನಿಯಮವಲ್ಲ, ಸಾಮಾಜಿಕ ವಿಮೆಯ ನಿಯಮ: ಅದರೊಳಗಿದ್ದರೆ ವಿಮೆಯ ಕಡಿತದಲ್ಲಿ ರಿಯಾಯಿತಿ. ಕೊನೆಯ ಪರೀಕ್ಷೆಯ ಫಲಿತಾಂಶ ನಿಮಗೆ ಅಧಿಕೃತವಾಗಿ ತಿಳಿದ ತಿಂಗಳ ಕೊನೆಗೆ ಆ ರಿಯಾಯಿತಿ ಮುಗಿಯುತ್ತದೆ. ಮುಂದಿನ ತಿಂಗಳಿಂದ ಅದೇ ಮೇಜು, ಅದೇ ಕೆಲಸ, ಆದರೆ ಸಂಬಳದಿಂದ ವಿಮೆಯ ಪೂರ್ತಿ ಕಡಿತ. ಇದನ್ನು ಕಂಪನಿಗೆ ತಿಳಿಸದೆ ಸುಮ್ಮನಿದ್ದರೆ ಆಮೇಲೆ ಬಾಕಿ ವಸೂಲಿಗೆ ಬರುತ್ತಾರೆ.

ಇಲ್ಲಿಂದ ಮುಂದೆ ಆಪರ್ಚುನಿಟಿ ಕಾರ್ಡಿನ ಬಗ್ಗೆಯೇ ಮಾತಾಡೋಣ, ತೊಡಕು ಇರುವುದೇ ಅಲ್ಲಿ.

ಎರಡು ಅಳತೆಗೋಲು

ನಿಮ್ಮ ಪಾರ್ಟ್‌ಟೈಮ್ ಕೆಲಸವನ್ನು ಜರ್ಮನಿ ಎರಡು ಅಳತೆಗೋಲಿನಲ್ಲಿ ಅಳೆಯುತ್ತದೆ. ವಾಸ್ತವ್ಯ ಕಾನೂನು ಗಂಟೆ ಎಣಿಸುತ್ತದೆ. ಸಾಮಾಜಿಕ ವಿಮಾ ಕಾನೂನು ಯೂರೋ ಎಣಿಸುತ್ತದೆ. ಇವೆರಡೂ ಒಂದರ ಮಾತನ್ನು ಇನ್ನೊಂದು ಕೇಳುವುದಿಲ್ಲ. ಒಂದರಲ್ಲಿ ಪಾಸಾದವರು ಇನ್ನೊಂದರಲ್ಲಿ ಸಿಕ್ಕಿಬೀಳಬಹುದು. ಜನ ತೊಂದರೆಗೆ ಸಿಲುಕುವ ಹೆಚ್ಚಿನ ಪ್ರಕರಣಗಳಲ್ಲಿ ಕಾರಣ ಇದೇ: ಒಂದು ಕೋಲನ್ನು ಕೈಯಲ್ಲಿ ಹಿಡಿದು ಇನ್ನೊಂದನ್ನು ಮರೆತಿರುತ್ತಾರೆ.

ಗಂಟೆಯ ಕೋಲನ್ನು ಮೊದಲು ನೋಡೋಣ. ಕಾನೂನಿನ ಮಾತು ಹೀಗಿದೆ: ಸರಾಸರಿಯಾಗಿ, ಒಟ್ಟಾರೆ, ವಾರಕ್ಕೆ ಹೆಚ್ಚೆಂದರೆ ಇಪ್ಪತ್ತು ಗಂಟೆ. 'ಸರಾಸರಿ', 'ಒಟ್ಟಾರೆ' ಎರಡೂ ತೂಕದ ಪದಗಳು.

ಒಟ್ಟಾರೆ ಎಂದರೆ ಎಲ್ಲ ಕೆಲಸವೂ ಸೇರಿ. ಬೆಳಿಗ್ಗೆ ಬೇಕರಿಯಲ್ಲಿ 12 ಗಂಟೆ, ವಾರಾಂತ್ಯದಲ್ಲಿ ಗೋದಾಮಿನಲ್ಲಿ 10 ಗಂಟೆ ಎಂದರೆ 22 ಆಯಿತು. ಇಬ್ಬರು ಮಾಲೀಕರೂ ತಮ್ಮ ಮಟ್ಟಿಗೆ ನಿಯಮ ಪಾಲಿಸಿದ್ದಾರೆ, ಮುರಿದವರು ನೀವು. ಎರಡನೇ ಕೆಲಸದ ಸುದ್ದಿ ಮೊದಲ ಮಾಲೀಕರಿಗೆ ಗೊತ್ತಿಲ್ಲದಿರಬಹುದು, ಆದರೆ ಎರಡೂ ಕೆಲಸ ನಿಮ್ಮ ಒಂದೇ ವಿಮಾ ನಂಬರಿನಡಿ ದಾಖಲಾಗುತ್ತವೆ.

ಸರಾಸರಿ ಎಂದರೆ ಒಂದು ವಾರ ಹೆಚ್ಚು, ಒಂದು ವಾರ ಕಡಿಮೆ ಆಗಬಹುದು. 24, 16, 22, 18 ಎಂದು ನಾಲ್ಕು ವಾರ ದುಡಿದರೆ ಒಟ್ಟು 80, ಸರಾಸರಿ 20, ತಪ್ಪಿಲ್ಲ. ಆದರೆ ಎಷ್ಟು ವಾರಗಳ ಸರಾಸರಿ ಎಂದು ಆ ವಾಕ್ಯದಲ್ಲಿ ಇಲ್ಲ. ಅದಕ್ಕೇ ನಮ್ಮ ಸಲಹೆ: ಆಯಾ ತಿಂಗಳೊಳಗೇ ಸರಿದೂಗಿಸಿ. ಡಿಸೆಂಬರಿನಲ್ಲಿ ಕ್ರಿಸ್‌ಮಸ್ ವ್ಯಾಪಾರಕ್ಕೆಂದು ವಾರಕ್ಕೆ 35 ಗಂಟೆ ನಿಂತು, ಫೆಬ್ರವರಿಯಲ್ಲಿ ಕಡಿಮೆ ಮಾಡುತ್ತೇನೆ ಎಂದರೆ, ಫೆಬ್ರವರಿ ಬರುವ ಮೊದಲೇ ನಿಮ್ಮ ಕಡತ ಅಧಿಕಾರಿಯ ಮೇಜಿನ ಮೇಲಿದ್ದರೆ ಏನು ತೋರಿಸುತ್ತೀರಿ? ಬಂದ ವೇಳೆ, ಹೋದ ವೇಳೆ, ನಡುವಿನ ವಿರಾಮ, ಈ ಮೂರನ್ನೂ ಅದೇ ದಿನ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ವಿರಾಮ ಕೆಲಸದ ಗಂಟೆಗೆ ಸೇರುವುದಿಲ್ಲ. ಆರು ಗಂಟೆ ಮೀರಿದ ಶಿಫ್ಟಿಗೆ ಕನಿಷ್ಠ 30 ನಿಮಿಷ ವಿರಾಮ ಕೊಡಲೇಬೇಕು. ಶಿಫ್ಟ್ ಮುಗಿದ ಮೇಲೆ ಕ್ಯಾಶ್ ಎಣಿಸುವುದು, ನೆಲ ಒರೆಸುವುದು ಕೆಲಸವೇ. ಅದನ್ನೂ ಬರೆಯಿರಿ.

ಕೆಲಸ ಯಾವ ತರಹದ್ದಾದರೂ ಆಗಬಹುದು. ಎಂಜಿನಿಯರಿಂಗ್ ಓದಿದವರು ಕೆಫೆಯಲ್ಲಿ ಕಾಫಿ ಮಾಡಬಹುದು, ಓದಿಗೂ ಕೆಲಸಕ್ಕೂ ಸಂಬಂಧ ಇರಬೇಕಿಲ್ಲ, ಪ್ರತ್ಯೇಕ ಅನುಮತಿಯೂ ಬೇಡ. ಆದರೆ ಅದು ಯಾರದೋ ಕೈಕೆಳಗಿನ ಸಂಬಳದ ಕೆಲಸವೇ ಆಗಿರಬೇಕು. ಬಿಲ್ಲು ಬರೆದು ಹಣ ಪಡೆಯುವ ಫ್ರೀಲಾನ್ಸ್ ಕೆಲಸ ಈ ಇಪ್ಪತ್ತು ಗಂಟೆಯೊಳಗೆ ಬರುವುದಿಲ್ಲ. ಡೆಲಿವರಿ ಕೆಲಸಕ್ಕೆ ಸೇರುವವರು ಇಲ್ಲಿ ಎಚ್ಚರವಾಗಿರಬೇಕು. ಕೆಲವು ಕಡೆ ಸವಾರರನ್ನು ನೌಕರರೆಂದು ಸೇರಿಸಿಕೊಳ್ಳುತ್ತಾರೆ, ಕೆಲವು ಕಡೆ ನಡುವಿನ ಗುತ್ತಿಗೆದಾರ 'ನೀನೇ ಸ್ವಂತ ವ್ಯವಹಾರ ನೋಂದಾಯಿಸಿಕೊ' ಎನ್ನುತ್ತಾನೆ. ಆ ನೋಂದಣಿಗೆ ಗೆವೆರ್ಬೆ ಎನ್ನುತ್ತಾರೆ. ಆ ಪದ ಕಿವಿಗೆ ಬಿದ್ದ ಕೂಡಲೇ ಎದ್ದು ಬನ್ನಿ.

ಇಲ್ಲಿ ಒಬ್ಬರು ಚೀಟಿ ಕಳಿಸಿದ್ದಾರೆ: ಬೆಂಗಳೂರಿನ ಕಂಪನಿಯ ಕೆಲಸವನ್ನು ಜರ್ಮನಿಯಲ್ಲಿ ಕೂತು ಲ್ಯಾಪ್‌ಟಾಪ್‌ನಲ್ಲಿ ಮುಂದುವರಿಸಬಹುದೇ? ಸಂಬಳ ಎಲ್ಲಿಂದ ಬರುತ್ತದೆ ಎನ್ನುವುದಕ್ಕಿಂತ ನೀವು ಎಲ್ಲಿ ಕೂತು ದುಡಿಯುತ್ತೀರಿ ಎನ್ನುವುದು ಮುಖ್ಯ. ಬರ್ಲಿನ್‌ನಲ್ಲಿ ಕೂತು ಮಾಡಿದ ಕೆಲಸ ಜರ್ಮನಿಯಲ್ಲಿ ಮಾಡಿದ ಕೆಲಸ. ಅದನ್ನೂ ಇಪ್ಪತ್ತು ಗಂಟೆಯೊಳಗೆ ಎಣಿಸಿಕೊಳ್ಳಿ; ತೆರಿಗೆ, ವಿಮೆಯ ಪ್ರಶ್ನೆಗಳೂ ಅದರ ಬೆನ್ನಿಗೇ ಬರುತ್ತವೆ. ವಾಸ್ತವ್ಯ ಪರವಾನಗಿ ಕೊಡುವ ವಿದೇಶಿಯರ ಕಚೇರಿಗೆ ಬರೆದು, ಅವರ ಉತ್ತರವನ್ನು ಕಾಗದದಲ್ಲಿ ಪಡೆದ ಮೇಲೆ ಶುರುಮಾಡಿ.

ಗಂಟೆ ಬರೆಯದ ಕರಾರು

ಇವತ್ತಿನ ಮಾತಿನಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ವಾರಕ್ಕೆ ಎಷ್ಟು ಗಂಟೆ ಎಂಬ ಅಂಕಿ ಕರಾರಿನಲ್ಲಿ ಇಲ್ಲದಿದ್ದರೆ ಸಹಿ ಹಾಕಬೇಡಿ.

ಹೋಟೆಲ್, ಕ್ಲೀನಿಂಗ್, ಸಮಾರಂಭಗಳ ಕೆಲಸದಲ್ಲಿ 'ಬೇಕಾದಾಗ ಕರೆಯುತ್ತೇವೆ' ಎಂಬ ಕರಾರು ಮಾಮೂಲು. ಅರ್ಬೈಟ್ ಔಫ್ ಅಬ್‌ರೂಫ್ ಎನ್ನುತ್ತಾರೆ. ಜರ್ಮನಿಯ ಪಾರ್ಟ್‌ಟೈಮ್ ಕಾನೂನಿನ ಕಲಂ 12ರ ಪ್ರಕಾರ, ಇಂಥ ಕರಾರಿನಲ್ಲಿ ವಾರದ ಗಂಟೆ ನಮೂದಿಸದಿದ್ದರೆ 20 ಗಂಟೆ ಒಪ್ಪಿಕೊಂಡಂತೆ ಎಂದು ಕಾನೂನೇ ಊಹಿಸಿಕೊಳ್ಳುತ್ತದೆ. 2019ಕ್ಕೆ ಮುಂಚೆ ಅದು 10 ಇತ್ತು. ನೌಕರರ ರಕ್ಷಣೆಗೆಂದು ಮಾಡಿದ ನಿಯಮ ಅದು, ಒಳ್ಳೆಯದೇ. ಆದರೆ ನಿಮಗೆ ಅದು ಎರಡು ಕಡೆಯಿಂದ ಚುಚ್ಚುತ್ತದೆ. ನಿಮ್ಮ ಇಪ್ಪತ್ತು ಗಂಟೆ ಆ ಒಂದು ಕರಾರಿನಲ್ಲೇ ಮುಗಿದುಹೋಯಿತು, ಎರಡನೇ ಕೆಲಸಕ್ಕೆ ಕಾಗದದ ಮೇಲೆ ಜಾಗವಿಲ್ಲ. ಜೊತೆಗೆ, ನೀವು ನಿಜಕ್ಕೂ ಎಂಟು ಗಂಟೆ ಮಾತ್ರ ದುಡಿದಿದ್ದರೂ ವಿಮೆಯ ಲೆಕ್ಕದಲ್ಲಿ ಇಪ್ಪತ್ತು ಗಂಟೆಯ ಸಂಬಳಕ್ಕೆ ನೀವು ಹಕ್ಕುದಾರರು, ಹಾಗಾಗಿ ಅದು ಮಿನಿಜಾಬ್, ಅಂದರೆ ಕಡಿತ ಬಹುತೇಕ ಇಲ್ಲದ ಸಣ್ಣ ಸಂಬಳದ ಕೆಲಸ, ಆಗಿ ಉಳಿಯುವುದಿಲ್ಲ.

ಗಂಟೆ ಬರೆದಿದ್ದರೂ 'ಕನಿಷ್ಠ' ಎಂಬ ಪದ ಮುಂದೆ ಇದೆಯೇ ನೋಡಿ. ಕನಿಷ್ಠ ಗಂಟೆ ಒಪ್ಪಿಕೊಂಡ ಕರಾರಿನಲ್ಲಿ ಮಾಲೀಕರು ಅದರ ಮೇಲೆ ಶೇ. 25ರಷ್ಟು ಹೆಚ್ಚು ಕರೆಯಬಹುದು. ಕನಿಷ್ಠ 18 ಎಂದು ಬರೆದಿದ್ದರೆ 22.5ರವರೆಗೆ ಕರೆಯುವ ಹಕ್ಕು ಅವರಿಗಿದೆ, ಬರುವ ಹಕ್ಕು ನಿಮ್ಮ ಕಾರ್ಡಿಗಿಲ್ಲ. ಕನಿಷ್ಠ 16 ಎಂದಿದ್ದರೆ ಶೇ. 25 ಸೇರಿ ಸರಿಯಾಗಿ 20. ಆದ್ದರಿಂದ ಇಂಥ ಕರಾರಿನಲ್ಲಿ 16ಕ್ಕಿಂತ ಮೇಲೆ ಒಪ್ಪಬೇಡಿ. ಇನ್ನೂ ಸುರಕ್ಷಿತವಾದದ್ದು 'ಗರಿಷ್ಠ 20 ಗಂಟೆ' ಎಂದು ಬರೆಸುವುದು. ಆಗ ಅವರು ಶೇ. 20ರಷ್ಟು ಮಾತ್ರ ಕಡಿಮೆ ಮಾಡಬಹುದು, ಅಂದರೆ ನಿಮಗೆ 16 ಗಂಟೆಯ ಸಂಬಳ ಖಾತ್ರಿ. ಕರೆಯುವುದಿದ್ದರೆ ಕನಿಷ್ಠ ನಾಲ್ಕು ದಿನ ಮುಂಚೆ ತಿಳಿಸಬೇಕು ಎಂಬುದೂ ಅದೇ ಕಲಮಿನಲ್ಲಿದೆ. ಇಂಟರ್‌ವ್ಯೂ ಇರುವ ದಿನವೇ 'ಈಗಲೇ ಬಾ' ಎಂದು ಫೋನ್ ಬಂದರೆ ಬರುವುದಿಲ್ಲ ಎನ್ನಲು ನಿಮಗೆ ಕಾನೂನಿನ ಬೆಂಬಲವಿದೆ. ನೀವು ಆ ದೇಶಕ್ಕೆ ಹೋಗಿದ್ದೇ ಇಂಟರ್‌ವ್ಯೂಗಾಗಿ.

ಯೂರೋದ ಕೋಲು

ಈಗ ಎರಡನೇ ಅಳತೆ. 2026ರಲ್ಲಿ ಜರ್ಮನಿಯ ಕನಿಷ್ಠ ಕೂಲಿ ಗಂಟೆಗೆ 13.90 ಯೂರೋ. ತಿಂಗಳಿಗೆ 603 ಯೂರೋವರೆಗಿನ ಕೆಲಸಕ್ಕೆ ಮಿನಿಜಾಬ್ ಎಂದು ಹೆಸರು. 2025ರಲ್ಲಿ ಈ ಗಡಿ 556 ಇತ್ತು. ಕನಿಷ್ಠ ಕೂಲಿ ಏರಿದಂತೆ ಗಡಿಯೂ ಏರುತ್ತದೆ, ವಾರಕ್ಕೆ ಹತ್ತು ಗಂಟೆ ಕನಿಷ್ಠ ಕೂಲಿಯಲ್ಲಿ ದುಡಿದರೆ ಆ ಗಡಿಯೊಳಗೆ ಕೂರುವ ಹಾಗೆ ಅದನ್ನು ಕಟ್ಟಿದ್ದಾರೆ. 603 ದಾಟಿ 2,000 ಯೂರೋವರೆಗಿನದಕ್ಕೆ ಮಿಡಿಜಾಬ್ ಎನ್ನುತ್ತಾರೆ.

ಮಿನಿಜಾಬ್‌ನಲ್ಲಿ ಕೈಗೆ ಬಹುತೇಕ ಪೂರ್ತಿ ಸಂಬಳ ಬರುತ್ತದೆ. ನಿಮ್ಮ ಪಾಲಿನ ಪಿಂಚಣಿ ಕಡಿತ ಶೇ. 3.6, ಬೇಡವೆಂದು ಬರೆದುಕೊಟ್ಟರೆ ಅದೂ ಇಲ್ಲ. ಅದಕ್ಕೇ ಎಲ್ಲರಿಗೂ ಮಿನಿಜಾಬ್ ಎಂದರೆ ಆಸೆ. ಆದರೆ ಅದರಲ್ಲಿ ಆರೋಗ್ಯ ವಿಮೆ ಇಲ್ಲ. ಸರ್ಕಾರಿ ವಿಮೆಯಲ್ಲಿರುವ ನೌಕರರಿಗಾಗಿ ಮಾಲೀಕರು ವಿಮೆಯ ಹೆಸರಿನಲ್ಲಿ ಶೇ. 13 ಕಟ್ಟುತ್ತಾರೆ ನಿಜ, ಆ ಹಣದಿಂದಲೂ ಯಾರ ಹೆಸರಿಗೂ ವಿಮೆ ಕಾರ್ಡ್ ಬರುವುದಿಲ್ಲ. ಭಾರತದಿಂದ ಬರುವಾಗ ಮಾಡಿಸಿದ ಖಾಸಗಿ ವಿಮೆಯನ್ನೇ ನೀವು ಮುಂದುವರಿಸುತ್ತಿರಬೇಕು. ಮೊದಲೇ ಇದ್ದ ಕಾಯಿಲೆ, ಹೆರಿಗೆ, ಹಲ್ಲಿನ ದೊಡ್ಡ ಚಿಕಿತ್ಸೆ ಇವನ್ನೆಲ್ಲ ಅಂಥ ಅಗ್ಗದ ವಿಮೆಗಳು ಸಾಮಾನ್ಯವಾಗಿ ಹೊರಗಿಡುತ್ತವೆ.

ಈಗ ಒಂದು ಗಂಟೆಯ ವ್ಯತ್ಯಾಸವನ್ನು ಹತ್ತಿರದಿಂದ ನೋಡಿ. ವಾರಕ್ಕೆ 10 ಗಂಟೆ, ಗಂಟೆಗೆ 13.90: ತಿಂಗಳಿಗೆ 602.33 ಯೂರೋ. ಮಿನಿಜಾಬ್, ವಿಮೆ ಇಲ್ಲ. ಅದೇ ಕೆಲಸ ವಾರಕ್ಕೆ 11 ಗಂಟೆ: ತಿಂಗಳಿಗೆ ಸುಮಾರು 663 ಯೂರೋ. ಇದು ಮಿಡಿಜಾಬ್. ಮಿಡಿಜಾಬ್‌ನ ಕೆಳತುದಿಯಲ್ಲಿ ನೌಕರರ ಪಾಲನ್ನು ಬಹಳ ಇಳಿಸಿದ್ದಾರೆ. ಆರೋಗ್ಯ, ಪಿಂಚಣಿ, ನಿರುದ್ಯೋಗ, ಆರೈಕೆ ಎಲ್ಲ ವಿಮೆ ಸೇರಿ ನಿಮ್ಮ ಸಂಬಳದಿಂದ ಹೋಗುವುದು ಸುಮಾರು 20 ಯೂರೋ. ಅಷ್ಟಕ್ಕೆ ನೀವು ಸರ್ಕಾರಿ ವಿಮಾ ಸಂಸ್ಥೆಯ, ಅಂದರೆ ಕ್ರಾಂಕೆನ್‌ಕಾಸ್ಸೆಯ, ಪೂರ್ಣ ಸದಸ್ಯರು. ತಿಂಗಳಿಗೆ ಇಪ್ಪತ್ತು ಯೂರೋಗೆ ಅಂಥ ವಿಮೆ ಆ ದೇಶದಲ್ಲಿ ಬೇರೆ ದಾರಿಯಿಂದ ಸುಲಭಕ್ಕೆ ಸಿಗದು. ಹಾಗಾಗಿ ಮಾಲೀಕರು 'ಮಿನಿಜಾಬ್ ಕೊಡುತ್ತೇವೆ' ಎಂದಾಗ 'ಇನ್ನೊಂದೆರಡು ಗಂಟೆ ಸೇರಿಸಿ' ಎಂದು ಕೇಳಿನೋಡಿ. ಅವರು ಹಿಂದೇಟು ಹಾಕಬಹುದು, ಏಕೆಂದರೆ ಆಗ ಸಂಬಳದಿಂದ ಕಡಿತ, ವಿಮಾ ಸಂಸ್ಥೆಗೆ ವರದಿ ಎಂದು ಅವರ ಲೆಕ್ಕಪತ್ರದ ಕೆಲಸ ಹೆಚ್ಚುತ್ತದೆ. ಕೇಳುವುದರಲ್ಲಿ ನಷ್ಟವಿಲ್ಲ.

ಎರಡು ಮಿನಿಜಾಬ್ ಹಿಡಿದರೆ? ಎರಡರ ಸಂಬಳವನ್ನೂ ಕೂಡಿಸುತ್ತಾರೆ. 400 ಮತ್ತು 300 ಎಂದರೆ 700, ಗಡಿ ದಾಟಿತು, ಎರಡೂ ಕೆಲಸಕ್ಕೆ ವಿಮೆ ಕಡ್ಡಾಯ. ಸೇರುವಾಗ ತುಂಬುವ ನಮೂನೆಯಲ್ಲಿ 'ಬೇರೆ ಕೆಲಸ ಇದೆಯೇ' ಎಂಬ ಪ್ರಶ್ನೆ ಇರುವುದೇ ಇದಕ್ಕೆ. ಇಲ್ಲ ಎಂದು ಸುಳ್ಳು ಬರೆದರೆ, ಮಿನಿಜಾಬ್‌ಗಳನ್ನೆಲ್ಲ ದಾಖಲಿಸುವ ಮಿನಿಜಾಬ್ ತ್ಸೆಂಟ್ರಾಲೆ ಎಂಬ ಕೇಂದ್ರ ಕಚೇರಿಯಲ್ಲಿ ಅದು ತಾನಾಗಿ ಕಾಣುತ್ತದೆ.

ಎರಡು ಕೋಲೂ ಬೇರೆ ಎಂದೆವಲ್ಲ, ಅದಕ್ಕೆ ಉದಾಹರಣೆ ಇದು. ಮಿನಿಜಾಬ್ ಮಾಡುವವರು ವರ್ಷದಲ್ಲಿ ಎರಡು ತಿಂಗಳು, ಮುಂಗಾಣದ ಕಾರಣಕ್ಕೆ, ಉದಾಹರಣೆಗೆ ಸಹೋದ್ಯೋಗಿ ಕಾಯಿಲೆ ಬಿದ್ದಾಗ, ಗಡಿಯ ಎರಡರಷ್ಟು ಗಳಿಸಿದರೂ ಅದು ಮಿನಿಜಾಬ್ ಆಗಿಯೇ ಉಳಿಯುತ್ತದೆ. ಮಾಲೀಕರು ಇದನ್ನು ತೋರಿಸಿ 'ಏನೂ ಆಗುವುದಿಲ್ಲ, ಬಾ' ಎನ್ನುತ್ತಾರೆ. ವಿಮೆಯ ಕಡೆಯಿಂದ ಏನೂ ಆಗುವುದಿಲ್ಲ, ಸರಿ. ವೀಸಾದ ಗಂಟೆಗೆ ಆ ರಿಯಾಯಿತಿ ಇಲ್ಲ.

ಇಪ್ಪತ್ತು ಗಂಟೆಯನ್ನೂ ಕನಿಷ್ಠ ಕೂಲಿಯಲ್ಲಿ ದುಡಿದರೆ ತಿಂಗಳಿಗೆ ಸುಮಾರು 1,205 ಯೂರೋ. ವಿಮೆಯೆಲ್ಲ ಕಳೆದು ಒಂಟಿ ವ್ಯಕ್ತಿಯ ಕೈಗೆ ಬರುವುದು ಸುಮಾರು 1,020. ಆದಾಯ ತೆರಿಗೆ ಈ ಮಟ್ಟದಲ್ಲಿ ಬೀಳುವುದಿಲ್ಲ. ಈಗ ಇದನ್ನು ವೀಸಾ ಅರ್ಜಿಯ ಪಕ್ಕ ಇಡಿ. ಆಪರ್ಚುನಿಟಿ ಕಾರ್ಡಿಗೆ 2025ರಲ್ಲಿ ಜೀವನ ನಿರ್ವಹಣೆಗೆಂದು ತೋರಿಸಬೇಕಿದ್ದದ್ದು ತಿಂಗಳಿಗೆ 1,091 ಯೂರೋ, ವರ್ಷಕ್ಕೆ 13,092. ಬ್ಲಾಕ್ಡ್ ಅಕೌಂಟ್ (ಮೊದಲೇ ಹಣ ತುಂಬಿ, ತಿಂಗಳಿಗೆ ಇಷ್ಟು ಎಂದು ಮಾತ್ರ ತೆಗೆಯಬಹುದಾದ ಬ್ಯಾಂಕ್ ಖಾತೆ) ಬದಲು ಪಾರ್ಟ್‌ಟೈಮ್ ಕೆಲಸದ ಕರಾರನ್ನೇ ತೋರಿಸಬಹುದು ಎಂಬ ನಿಯಮ ಇದೆ. ಆದರೆ ಕನಿಷ್ಠ ಕೂಲಿಯ ಇಪ್ಪತ್ತು ಗಂಟೆಯ ಕರಾರು ಆ ಮೊತ್ತ ಮುಟ್ಟುವುದಿಲ್ಲ. ಗಂಟೆಗೆ 15 ಯೂರೋಗಿಂತ ತುಸು ಮೇಲಿನ ಕೂಲಿ ಬೇಕು, ಇಲ್ಲವೇ ಕಡಿಮೆ ಬಿದ್ದದ್ದನ್ನು ಅಕೌಂಟಿನಲ್ಲಿ ತುಂಬಬೇಕು. 'ಅಲ್ಲಿ ಹೋಗಿ ದುಡಿದು ಸಾಲ ತೀರಿಸುತ್ತೇನೆ' ಎಂದು ಲೆಕ್ಕ ಹಾಕಿ ಹೊರಡುವವರು ಈ ಅಂಕಿಯನ್ನು ಎರಡು ಸಲ ಓದಬೇಕು. ಮ್ಯೂನಿಕ್‌ನಂಥ ಊರಿನಲ್ಲಿ ಬರೀ ಒಂದು ಕೋಣೆಯ ಬಾಡಿಗೆಗೇ ಅದರ ದೊಡ್ಡ ಪಾಲು ಹೋಗುತ್ತದೆ. ಪಾರ್ಟ್‌ಟೈಮ್ ಹಣ ನಿಮ್ಮನ್ನು ಹುಡುಕಾಟದ ತಿಂಗಳುಗಳಲ್ಲಿ ತೇಲಿಸಬಲ್ಲದು, ಊರಿನ ಸಾಲ ತೀರಿಸಲಾರದು.

ಮಿಡಿಜಾಬ್ ಬಿಟ್ಟಾಗ ಏನಾಗುತ್ತದೆ ಎನ್ನುವುದನ್ನೂ ಹೇಳಿಬಿಡಬೇಕು. ಕೆಲಸ ನಿಂತರೂ ಸರ್ಕಾರಿ ವಿಮೆ ತಾನಾಗಿ ಸ್ವಯಂ ಸದಸ್ಯತ್ವವಾಗಿ ಮುಂದುವರಿಯುತ್ತದೆ, ಬಿಲ್ಲು ಮಾತ್ರ ಪೂರ್ತಿ ನಿಮ್ಮ ಮೇಲೆ. ತಿಂಗಳಿಗೆ 200 ಯೂರೋ ಮೀರಿದ ಮೊತ್ತ. ಕೆಲಸ ಬಿಟ್ಟ ವಾರದಲ್ಲೇ ವಿಮಾ ಸಂಸ್ಥೆಗೆ ತಿಳಿಸಿ, ಮುಂದಿನದನ್ನು ನಿರ್ಧರಿಸಿ. ಪತ್ರಕ್ಕೆ ಉತ್ತರಿಸದೆ ಕೂತರೆ ನಿಮ್ಮ ಆದಾಯ ಹೆಚ್ಚಿದೆ ಎಂದು ಊಹಿಸಿ ಇನ್ನೂ ದೊಡ್ಡ ಬಿಲ್ಲು ಕಳಿಸುತ್ತಾರೆ.

ಎರಡು ವಾರದ ಪರೀಕ್ಷಾ ಕೆಲಸ

ಇಪ್ಪತ್ತು ಗಂಟೆಯ ಜೊತೆಗೆ ಇನ್ನೊಂದು ಅವಕಾಶ ಈ ಕಾರ್ಡಿನಲ್ಲಿದೆ, ಬಹಳ ಜನ ಅದನ್ನು ಬಳಸುವುದೇ ಇಲ್ಲ. ಪ್ರೋಬೆಬೆಶೆಫ್ಟಿಗುಂಗ್, ಅಂದರೆ ಪರೀಕ್ಷಾರ್ಥ ಕೆಲಸ. ಪ್ರತಿ ಮಾಲೀಕರ ಹತ್ತಿರ ಹೆಚ್ಚೆಂದರೆ ಎರಡು ವಾರ, ಪೂರ್ಣಾವಧಿಯೂ ಆಗಬಹುದು. ಎಷ್ಟು ಕಂಪನಿಗಳಲ್ಲಿ ಮಾಡಬಹುದು ಎಂಬುದಕ್ಕೆ ಮಿತಿ ಇಲ್ಲ. ಆದರೆ ಇದು ನಿಮ್ಮ ಓದಿಗೆ ತಕ್ಕ ಕುಶಲ ಕೆಲಸ, ವೃತ್ತಿ ತರಬೇತಿ ಅಥವಾ ಪದವಿ ಮಾನ್ಯತೆಯ ತರಬೇತಿ ಇವುಗಳತ್ತ ಒಯ್ಯುವಂಥದ್ದಾಗಿರಬೇಕು. ಪಾತ್ರೆ ತೊಳೆಯುವ ಕೆಲಸಕ್ಕೆ 'ಎರಡು ವಾರ ಟ್ರಯಲ್' ಎಂದರೆ ಅದು ಈ ಲೆಕ್ಕಕ್ಕೆ ಬರುವುದಿಲ್ಲ, ಇಪ್ಪತ್ತು ಗಂಟೆಯೊಳಗೇ ಬರುತ್ತದೆ.

ಇಂಟರ್‌ವ್ಯೂ ಚೆನ್ನಾಗಿ ಆಗಿ, ಕಂಪನಿಯವರು ಭಾಷೆಯ ಬಗ್ಗೆ ಅನುಮಾನದಲ್ಲಿದ್ದಾರೆ ಎಂದಿಟ್ಟುಕೊಳ್ಳಿ. 'ನನ್ನ ಕಾರ್ಡಿನಲ್ಲಿ ಎರಡು ವಾರ ಪರೀಕ್ಷಾರ್ಥ ಕೆಲಸಕ್ಕೆ ಅನುಮತಿ ಇದೆ, ನಿಮಗೆ ಬೇರೆ ಪರವಾನಗಿ ಬೇಕಿಲ್ಲ' ಎಂದು ನೀವೇ ಬಾಯಿಬಿಟ್ಟು ಹೇಳಿ. ಸಣ್ಣ ಕಂಪನಿಗಳಿಗೆ ಈ ನಿಯಮ ಗೊತ್ತೇ ಇರುವುದಿಲ್ಲ, ವಿದೇಶಿಯರು ಎಂದರೆ ಕಾಗದಪತ್ರದ ಕಾಟ ಎಂದು ಹಿಂಜರಿಯುತ್ತಾರೆ. ಒಪ್ಪಿದರೆ ಒಂದು ಹಾಳೆಯಲ್ಲಿ ಶುರುವಾಗುವ ದಿನ, ಮುಗಿಯುವ ದಿನ, ಯಾವ ಹುದ್ದೆಗೆ ಪರೀಕ್ಷೆ, ಸಂಬಳ ಎಷ್ಟು ಎಂದು ಬರೆಸಿಕೊಳ್ಳಿ. ನಿಜವಾದ ಕೆಲಸ ಮಾಡಿಸಿದರೆ ಸಂಬಳ ಕೊಡಲೇಬೇಕು. ಒಂದು ದಿನ ಬಂದು ಸುಮ್ಮನೆ ನೋಡಿಕೊಂಡು ಹೋಗುವುದು ಬೇರೆ. ಮೂರು ದಿನ ಪೂರ್ತಿ ಅಡುಗೆಮನೆಯಲ್ಲಿ ನಿಲ್ಲಿಸಿಕೊಂಡು 'ಟ್ರಯಲ್ ಅಲ್ಲವೇ' ಎಂದು ಕಾಸು ಕೊಡದೆ ಕಳಿಸುವುದು ದುಡಿಸಿಕೊಂಡು ಮೋಸ ಮಾಡುವುದು.

ಸೇರುವ ಮುಂಚಿನ ಕಾಗದಗಳು

ಜರ್ಮನಿಯಲ್ಲಿ ಬಾಡಿಗೆ ಮನೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಣಿ, ಅನ್‌ಮೆಲ್ಡುಂಗ್, ಆಗಬೇಕು. ಅದಕ್ಕೆ ಮನೆ ಮಾಲೀಕರ ಸಹಿ ಇರುವ ಪತ್ರ ಬೇಕು. ನೋಂದಣಿಯಾದ ಕೆಲವು ವಾರಗಳಲ್ಲಿ 11 ಅಂಕಿಯ ತೆರಿಗೆ ನಂಬರ್ ಅಂಚೆಯಲ್ಲಿ ಬರುತ್ತದೆ. ಚಿಕ್ಕ ವಿಷಯ, ಆದರೆ ಇಲ್ಲೇ ಎಷ್ಟೋ ಜನ ಎಡವುತ್ತಾರೆ: ಕಟ್ಟಡದ ಅಂಚೆ ಡಬ್ಬಿಯ ಮೇಲೆ ನಿಮ್ಮ ಹೆಸರು ಅಂಟಿಸಿರಬೇಕು. ಇಲ್ಲದಿದ್ದರೆ ಅಂಚೆಯವರು ಪತ್ರವನ್ನು ವಾಪಸ್ ಒಯ್ಯುತ್ತಾರೆ, ನೀವು ತಿಂಗಳುಗಟ್ಟಲೆ ಕಾಯುತ್ತೀರಿ. ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಹೆಸರು ಬರೆದು ಅಂಟಿಸಿ. ತೆರಿಗೆ ನಂಬರ್ ಕೊಡದೆ ಕಾಲ ತಳ್ಳಿದರೆ ಮಾಲೀಕರು ನಿಮ್ಮನ್ನು 6ನೇ ತೆರಿಗೆ ವರ್ಗಕ್ಕೆ ಹಾಕುತ್ತಾರೆ, ಅದರಲ್ಲಿ ಕಡಿತ ಎಲ್ಲಕ್ಕಿಂತ ಹೆಚ್ಚು. ಹೆಚ್ಚು ಹೋದದ್ದು ಮುಂದೆ ರಿಟರ್ನ್ ಸಲ್ಲಿಸಿದಾಗ ಮರಳುತ್ತದೆ, ಬಾಡಿಗೆ ಕಟ್ಟುವ ತಿಂಗಳಲ್ಲಿ ಕೈಗೆ ಸಿಗುವುದಿಲ್ಲ.

ಅಡುಗೆ, ಬೇಕರಿ, ಹೋಟೆಲ್ ಕೆಲಸಕ್ಕೆ ಆರೋಗ್ಯ ಇಲಾಖೆಯಿಂದ ಸೋಂಕು ತಡೆಯ ತಿಳುವಳಿಕೆ ಪತ್ರ ಪಡೆಯಬೇಕು. ಮೊದಲ ಬಾರಿ ಕೆಲಸಕ್ಕೆ ಸೇರುವ ದಿನ ಅದು ಮೂರು ತಿಂಗಳಿಗಿಂತ ಹಳೆಯದಾಗಿರಬಾರದು. ಮಾಲೀಕರು ನಿಮ್ಮ ವೀಸಾ ಅಥವಾ ಕಾರ್ಡನ್ನು ಪರಿಶೀಲಿಸಿ ಪ್ರತಿ ಇಟ್ಟುಕೊಳ್ಳಬೇಕು, ಅದು ಅವರ ಕರ್ತವ್ಯ. ಅಸಲನ್ನು ಮಾತ್ರ ಯಾರ ಕೈಗೂ ಬಿಟ್ಟುಬರಬೇಡಿ. ಪ್ಲಾಸ್ಟಿಕ್ ಕಾರ್ಡ್ ಬಂದಿದ್ದರೆ ಅದರ ಜೊತೆ ಕೊಡುವ ತ್ಸೂಸಾಟ್ಸ್‌ಬ್ಲಾಟ್ ಎಂಬ ಹಸಿರು ಹಾಳೆಯನ್ನೂ ತೋರಿಸಿ. ಎಷ್ಟು ಗಂಟೆ, ಯಾವ ಕೆಲಸ ಎಂದು ಬರೆದಿರುವುದು ಅದರಲ್ಲೇ. ಅಲ್ಲಿ ಬರೆದ ಮಾತು ಈ ಉಪನ್ಯಾಸದ ಮಾತಿಗಿಂತ ದೊಡ್ಡದು.

ಕೈಗೆ ನಗದು

'ಕಾಗದದಲ್ಲಿ ಹತ್ತು ಗಂಟೆ, ಉಳಿದದ್ದು ಕೈಗೆ ಕೊಡುತ್ತೇನೆ.' ನಮ್ಮ ಕಡೆಯವರ ಹೋಟೆಲುಗಳಲ್ಲೂ ಈ ಮಾತು ಕೇಳಿಬರುತ್ತದೆ, ಪ್ರೀತಿಯಿಂದಲೇ ಹೇಳುತ್ತಾರೆ. ಒಪ್ಪಬೇಡಿ. ಹೋಟೆಲ್, ಕ್ಲೀನಿಂಗ್, ಕಟ್ಟಡ, ಸಾಗಣೆ ಈ ಕ್ಷೇತ್ರಗಳಲ್ಲಿ ಕಸ್ಟಮ್ಸ್ ಇಲಾಖೆಯವರು ಮುನ್ಸೂಚನೆ ಇಲ್ಲದೆ ಬಂದು ಒಬ್ಬೊಬ್ಬರನ್ನೇ ಬೇರೆ ಕರೆದು ಎಷ್ಟು ಗಂಟೆ, ಯಾವತ್ತಿನಿಂದ ಎಂದು ಕೇಳುತ್ತಾರೆ. ಆ ಕೆಲಸಗಳಲ್ಲಿ ಪಾಸ್‌ಪೋರ್ಟ್ ಜೊತೆಗಿಟ್ಟುಕೊಂಡಿರುವುದು ಕಾನೂನಿನ ಕಡ್ಡಾಯ. ಅನುಮತಿ ಇಲ್ಲದೆ ದುಡಿದರೆ ನಿಮಗೆ 5,000 ಯೂರೋವರೆಗೆ, ಮಾಲೀಕರಿಗೆ 5,00,000 ಯೂರೋವರೆಗೆ ದಂಡ. ದಂಡಕ್ಕಿಂತ ದೊಡ್ಡ ಪೆಟ್ಟು, ಮುಂದೆ ಒಳ್ಳೆಯ ಕೆಲಸ ಸಿಕ್ಕು ಬ್ಲೂ ಕಾರ್ಡಿಗೆ, ಅಂದರೆ ಹೆಚ್ಚು ಸಂಬಳದ ಪದವೀಧರರಿಗೆ ಕೊಡುವ ಕೆಲಸದ ಪರವಾನಗಿಗೆ, ಹೋದಾಗ ಈ ಕಡತ ಎದುರಿಗೆ ಬರುತ್ತದೆ.

ಆಗಲೇ ಅಂಥದ್ದರಲ್ಲಿ ಸಿಕ್ಕಿಕೊಂಡವರೂ ಇರಬಹುದು. ಅವರಿಗೆ ಹೇಳಬೇಕಾದದ್ದು: ನೋಂದಣಿ ಇಲ್ಲದ ಕೆಲಸವಾದರೂ ದುಡಿದ ಸಂಬಳಕ್ಕೆ ನೀವು ಹಕ್ಕುದಾರರು. ಕೆಲಸದಲ್ಲಿ ಗಾಯವಾದರೆ ಅಪಘಾತ ವಿಮೆಯೂ ಅನ್ವಯಿಸುತ್ತದೆ, ಆಸ್ಪತ್ರೆಯಲ್ಲಿ 'ಮನೆಯಲ್ಲಿ ಬಿದ್ದೆ' ಎಂದು ಹೇಳಬೇಡಿ. ಹೊರದೇಶದಿಂದ ಬಂದ ಕೆಲಸಗಾರರಿಗೆ ಕೂಲಿ, ರಜೆ, ವಜಾ ಇತ್ಯಾದಿ ವಿಷಯಗಳಲ್ಲಿ ಫೇರ್ ಇಂಟಿಗ್ರಾಟ್ಸಿಯೋನ್ ಎಂಬ ಸಲಹಾ ಕೇಂದ್ರಗಳು ದೇಶದಾದ್ಯಂತ ಇವೆ, ಸಲಹೆ ಉಚಿತ. ನೋಟ್‌ಬುಕ್ಕಿನಲ್ಲಿ ಬರೆದಿಟ್ಟ ಗಂಟೆಗಳು ಆಗ ನಿಮ್ಮ ಪರವಾಗಿ ಮಾತಾಡುತ್ತವೆ. ರಜೆ, ಕಾಯಿಲೆಯ ಸಂಬಳ ಇವೆಲ್ಲ ಪಾರ್ಟ್‌ಟೈಮಿಗೂ ಇವೆ: ವಾರಕ್ಕೆ ಮೂರು ದಿನ ದುಡಿಯುವವರಿಗೆ ವರ್ಷಕ್ಕೆ ಕನಿಷ್ಠ 12 ದಿನ ಸಂಬಳ ಸಹಿತ ರಜೆ, ಸೇರಿ ನಾಲ್ಕು ವಾರವಾದ ಮೇಲೆ ಕಾಯಿಲೆಗೆ ಆರು ವಾರದವರೆಗೆ ಸಂಬಳ.

ಪೂರ್ಣಾವಧಿ ಕೆಲಸ ಸಿಕ್ಕ ಮೇಲೆ

ಸಂತೋಷದ ಈ ಘಳಿಗೆಯಲ್ಲೇ ಒಂದು ದೊಡ್ಡ ತಪ್ಪು ನಡೆಯುತ್ತದೆ. ಆಫರ್ ಬಂತು, ಸಹಿ ಆಯಿತು, ಕಂಪನಿಯವರು 'ಮುಂದಿನ ತಿಂಗಳು 1ರಿಂದ ಬನ್ನಿ' ಎಂದರು, ಇವರು ಹೋಗಿ ಸೇರಿದರು. ಆಪರ್ಚುನಿಟಿ ಕಾರ್ಡ್ ಇನ್ನೂ ಇಪ್ಪತ್ತು ಗಂಟೆಯದೇ! ಕೆಲಸ ಎಷ್ಟೇ ದೊಡ್ಡದಾಗಿರಲಿ, ಹೊಸ ಪರವಾನಗಿಯ ನಿರ್ಧಾರವಾಗುವ ಮುನ್ನ 40 ಗಂಟೆ ಕೂರುವುದು ಅನುಮತಿ ಇಲ್ಲದ ಕೆಲಸವೇ.

2026ರಲ್ಲಿ ಬ್ಲೂ ಕಾರ್ಡಿಗೆ ಬೇಕಾದ ವಾರ್ಷಿಕ ಸಂಬಳ 50,700 ಯೂರೋ. ಕೊರತೆ ಇರುವ ವೃತ್ತಿಗಳಿಗೆ ಮತ್ತು ಹೊಸದಾಗಿ ಪದವಿ ಮುಗಿಸಿದವರಿಗೆ 45,934.20. ಅಷ್ಟು ಇಲ್ಲದಿದ್ದರೂ ಪದವೀಧರರ ಸಾಮಾನ್ಯ ಕೆಲಸದ ಪರವಾನಗಿ ಇದೆ. ಯಾವುದಕ್ಕೇ ಆಗಲಿ, ಆಫರ್ ಬಂದ ವಾರವೇ ವಿದೇಶಿಯರ ಕಚೇರಿಗೆ ಅರ್ಜಿ ಹಾಕಿ, ಸೇರುವ ದಿನಾಂಕವನ್ನು ಒಂದೂವರೆ ಎರಡು ತಿಂಗಳು ಮುಂದಕ್ಕೆ ಬರೆಸಿ. ಕಾರ್ಡಿನ ಒಂದು ವರ್ಷ ಮುಗಿಯುವ ಮುನ್ನ ಅರ್ಜಿ ಸೇರಿರಬೇಕು. ಸೇರಿದ್ದರೆ ಫಿಕ್ಟ್ಸಿಯೋನ್ಸ್‌ಬೆಶೈನಿಗುಂಗ್ ಎಂಬ ತಾತ್ಕಾಲಿಕ ಪತ್ರ ಕೊಡುತ್ತಾರೆ, ಹಳೆಯ ಪರವಾನಗಿ ಅದೇ ಷರತ್ತುಗಳೊಂದಿಗೆ ಮುಂದುವರಿಯುತ್ತದೆ. ಅದೇ ಷರತ್ತು ಎಂದರೆ ಅದೇ ಇಪ್ಪತ್ತು ಗಂಟೆ.

ಆದರೆ ಕಾರ್ಡ್ ಮುದ್ರಣವಾಗಿ ಬರುವ ವಾರಗಳನ್ನೆಲ್ಲ ಕಾಯಬೇಕಿಲ್ಲ. ವಾಸ್ತವ್ಯ ಕಾನೂನಿನ ಕಲಂ 81ರ ಉಪಕಲಂ 5ಎ ಪ್ರಕಾರ, ಕಚೇರಿಯವರು ಹೊಸ ಕಾರ್ಡನ್ನು ಮುದ್ರಣಕ್ಕೆ ಕಳಿಸಿದ ದಿನದಿಂದಲೇ ಹೊಸ ಕೆಲಸಕ್ಕೆ ಅನುಮತಿ ಇದ್ದಂತೆ. ಆದ್ದರಿಂದ ಕೌಂಟರಿನಲ್ಲಿ ಬೆರಳಚ್ಚು ಕೊಟ್ಟು ಎದ್ದುಬರುವ ಮುನ್ನ ಎರಡು ಮಾತು ಕೇಳಿ: ಕಾರ್ಡ್ ಇವತ್ತೇ ಮುದ್ರಣಕ್ಕೆ ಹೋಗುತ್ತದೆಯೇ? ಹೋಗುವುದಾದರೆ, ಹೊಸ ಕೆಲಸ ಮಾಡಬಹುದು ಎಂದು ತಾತ್ಕಾಲಿಕ ಪತ್ರದಲ್ಲಿ ಬರೆದುಕೊಡುತ್ತೀರಾ? ಆ ಸಾಲು ಇರುವ ಕಾಗದವನ್ನು ಕಂಪನಿಗೆ ಕೊಟ್ಟು, ಹಳೆಯ ಪಾರ್ಟ್‌ಟೈಮ್ ಕೆಲಸಕ್ಕೆ ರಾಜೀನಾಮೆ ಪತ್ರವನ್ನು ಸಹಿ ಸಮೇತ ಹಾಳೆಯಲ್ಲೇ ಕೊಡಿ. ಜರ್ಮನಿಯಲ್ಲಿ ಇಮೇಲ್‌ನಲ್ಲೋ ವಾಟ್ಸಾಪ್‌ನಲ್ಲೋ ಕೊಟ್ಟ ರಾಜೀನಾಮೆಗೆ ಬೆಲೆ ಇಲ್ಲ.